ಲಾವಂಚ ನೆಟ್ಟು ಆರು ತಿಂಗಳಾದರೂ ಅಂಗಳದಲ್ಲಿ ಘಮ ಇಲ್ಲ, ಯಾವ ಗೊಬ್ಬರ ಹಾಕಲಿ?

ಯಾವ ಗೊಬ್ಬರವೂ ಬೇಡ. ಮನೆಯಲ್ಲಿ ಹಾರೆ, ಗುದ್ದಲಿ ಇದ್ದರೆ ಮೊದಲು ಅಟ್ಟಕ್ಕೆ ಹಾಕಿ.

ನಾನು ಕೆಟ್ಟಿದ್ದೂ ಇದೇ ಆರನೇ ತಿಂಗಳಲ್ಲಿ. ತುಮಕೂರಿನ ಮನೆಯ ಕಾಂಪೌಂಡ್ ಪಕ್ಕ ಎಂಟು ಬುಡ ನೆಟ್ಟಿದ್ದೆ. ಹುಲ್ಲು ಎದೆಯುದ್ದ ಬಂತು. ದಿನಾ ಬೆಳಿಗ್ಗೆ ಒಂದು ಗರಿ ಕಿತ್ತು, ಉಜ್ಜಿ, ಮೂಸುವುದು. ಬರೀ ಹಸಿ ಹುಲ್ಲಿನ ವಾಸನೆ. ಮಜ್ಜಿಗೆ ಹುಲ್ಲಿನ ಹಾಗೆ ಎಲೆಯೇ ಘಮ್ಮೆನ್ನಬೇಕು ಅಂದುಕೊಂಡಿದ್ದೆ. ಲಾವಂಚದ ಪರಿಮಳ ಇರುವುದು ಬೇರಿನಲ್ಲಿ. ಅದು ಗೊತ್ತಾದ ದಿನವೇ ಹಾರೆ ಹಿಡಿದೆ.

ಒಂದು ಬುಡ ಅಗೆದು ಸುಮ್ಮನಾಗಿದ್ದರೂ ಏಳು ಉಳಿಯುತ್ತಿದ್ದವು. ಮೊದಲನೆಯದರಲ್ಲಿ ಬಿಳಿಚಿದ ಎಳೆ ಬೇರು, ಮೂಸಿದರೆ ಮಣ್ಣು. ಇದೊಂದೇ ಹೀಗಿರಬೇಕು ಅಂತ ಎರಡನೆಯದು. ಸಂಜೆಯೊಳಗೆ ಎಂಟೂ ಹೋದವು. ಬೇರಿನಲ್ಲಿ ಎಣ್ಣೆ ಕೂಡಲು ಸಮಯ ಬೇಕು. ಬೆಳೆಗಾರರು 15-18 ತಿಂಗಳು ಕಾಯುವುದು ಸುಮ್ನೆ ಅಲ್ಲ. ಅದರ ಮೇಲೆ ನಮ್ಮದು ಗಟ್ಟಿ ಕೆಂಪು ಮಣ್ಣು. ಈ ಬೇರು ಪಕ್ಕಕ್ಕೆ ಹರಡದೆ ನೇರ ಕೆಳಗಿಳಿಯುತ್ತದೆ, ಬಿಟ್ಟರೆ ಮೂರು ಮೀಟರ್ ಹೋಗುತ್ತದೆ. ಹಾರೆಯ ಏಟಿಗೆ ಗೇಣುದ್ದಕ್ಕೇ ತುಂಡಾಯಿತು. ಎಂಟು ಬುಡಕ್ಕೆ ಒಂದು ಹಿಡಿ ಬೇರು! ಅಮ್ಮ ಅದನ್ನೇ ಹೂಜಿಗೆ ಹಾಕಿ, ಒಂದು ಗುಟುಕು ಕುಡಿದು, "ಕೆರೆ ನೀರು ಕುಡಿದ ಹಾಗಿದೆಯಲ್ಲೋ" ಅಂದರು. ಆ ಬೇಸಿಗೆಗೆ ಗ್ರಂಧಿಗೆ ಅಂಗಡಿಯಿಂದಲೇ ತಂದೆವು.

ಮುಂದಿನ ಸಲ ನೆಲ ಬೇಡ ಅಂತ ದೊಡ್ಡ ಗೊಬ್ಬರದ ಚೀಲ ತೊಳೆದು, ತಳಕ್ಕೆ ತೂತು ಹಾಕಿ, ಅರ್ಧ ಮರಳು, ಉಳಿದದ್ದು ಮಣ್ಣು, ಹಟ್ಟಿ ಗೊಬ್ಬರ ತುಂಬಿದೆ. ದಿನವಿಡೀ ಬಿಸಿಲು ಬೀಳುವ ಟೆರೇಸ್ ಮೇಲಿಟ್ಟೆ. ನೆರಳಿನಲ್ಲಿ ಇದು ಸೊರಗುತ್ತದೆ. ಹುಲ್ಲು ಜಾಸ್ತಿ ಎತ್ತರವಾದಾಗ ಮೊಣಕಾಲೆತ್ತರಕ್ಕೆ ಕತ್ತರಿಸಿದ್ದು ಬಿಟ್ಟರೆ ಬೇರೆ ಆರೈಕೆ ಇಲ್ಲ. ಹದಿನೇಳನೇ ತಿಂಗಳು ಬ್ಲೇಡಿನಿಂದ ಚೀಲ ಸೀಳಿ, ಪೈಪಿನ ನೀರಲ್ಲಿ ಮಣ್ಣು ತೊಳೆದರೆ ಜಡೆಯ ಹಾಗೆ ಇಡೀ ಬೇರು ಕೈಗೆ ಬಂತು. ಅದನ್ನು ನೆರಳಿನಲ್ಲಿ ಒಣಗಿಸಿ.

ಇನ್ನು ಅಂಗಳವೆಲ್ಲ ಘಮ್ಮೆನ್ನಬೇಕು ಅನ್ನುವ ಆಸೆ. ಅದು ಲಾವಂಚದಿಂದ ಆಗುವ ಕೆಲಸವಲ್ಲ, ಬೇರು ಮಣ್ಣೊಳಗಿದೆ ಅಲ್ವಾ? ಅಂಗಳಕ್ಕೆ ದವನ, ಮರುಗ ಹಾಕಿ. ಲಾವಂಚ ಹೂಜಿಗೆ.

ಬೇರು ಕೊಯ್ದ ಮೇಲೆ ಬುಡ ಎಸೆಯಬೇಡಿ. ಮರಿ ಬಿಡಿಸಿ ಮತ್ತೆ ನೆಡಬಹುದು. ನನ್ನ ಒಂದು ಚೀಲದಿಂದ ಆರು ಚೀಲವಾಗಿದೆ.