ಉತ್ತರ: 'ಸ್ಟಾರ್ಮ್ಸ್ ಆಫ್ ಲೈಫ್' ಹಳೇ ಶೈಲಿಯದ್ದು ಅಂತ ಯಾಕೆ ಮೆಚ್ಚುತ್ತಾರೆ?

ರ‍್ಯಾಂಡಿ ಟ್ರಾವಿಸ್ ಅನ್ನೋ ಅಮೆರಿಕನ್ ಕಂಟ್ರಿ (ಅಲ್ಲಿನ ಹಳ್ಳಿಗಾಡಿನಲ್ಲಿ ಹುಟ್ಟಿದ ಸಂಗೀತ) ಗಾಯಕನ ಈ ಆಲ್ಬಂ ಬಂದದ್ದು 1986ರಲ್ಲಿ, ಅದರಲ್ಲಿ ಹಳೇ ಶೈಲಿ ಎಲ್ಲಿಂದ ಬಂತು ಅಂತ ಕೇಳಿದ್ದೀರಿ. ಆ ಕಾಲದ ಬೇರೆ ಕಂಟ್ರಿ ಹಾಡುಗಳನ್ನು ಒಮ್ಮೆ ಕೇಳಿ ನೋಡಿ. 'ಅರ್ಬನ್ ಕೌಬಾಯ್' ಸಿನಿಮಾ ಬಂದಮೇಲೆ ಕಂಟ್ರಿ ಸಂಗೀತದ ಕೇಂದ್ರವಾದ ನ್ಯಾಶ್‌ವಿಲ್ ಪೂರಾ ಪಾಪ್ ಕಡೆ ವಾಲಿತ್ತು. ಟ್ರಾವಿಸ್ ಅಲ್ಲಿನ ಒಂದು ಕ್ಲಬ್ಬಿನಲ್ಲಿ ಅಡುಗೆ ಮಾಡ್ಕೊಂಡು, ಪಾತ್ರೆ ತೊಳ್ಕೊಂಡು, ನಡುನಡುವೆ ವೇದಿಕೆ ಹತ್ತಿ ಹಾಡುತ್ತಿದ್ದವನು. ರೆಕಾರ್ಡ್ ಕಂಪನಿಗಳು ಇವನದ್ದು ತೀರಾ ಹಳ್ಳಿ ದನಿ ಅಂತ ವಾಪಸ್ ಕಳಿಸಿದ್ದವು.

'ಆನ್ ದಿ ಅದರ್ ಹ್ಯಾಂಡ್' ಹಾಡನ್ನೇ ತಗೊಳ್ಳಿ. ಪರಸ್ತ್ರೀಯ ಜೊತೆ ಕೂತ ಗಂಡಸು, ಮನಸ್ಸು ಜಾರುತ್ತಿದೆ, ಅಷ್ಟರಲ್ಲಿ ತನ್ನ ಬೆರಳಿನ ಮದುವೆ ಉಂಗುರ ನೆನಪಾಗುತ್ತೆ. ಕಥೆ ಇಷ್ಟೇ. ಗೋಳಾಟವಿಲ್ಲ, ಕಿರುಚಾಟವಿಲ್ಲ. ತಗ್ಗಿನ ದನಿ ಸಾಲಿನ ಕೊನೆಯಲ್ಲಿ ಇನ್ನೂ ಕೆಳಗಿಳಿಯುತ್ತೆ, ಆ ಬಿಡುವಿನಲ್ಲಿ ಪೆಡಲ್ ಸ್ಟೀಲ್ ಗಿಟಾರ್ ಜಾರಿಕೊಂಡು ಬರುತ್ತೆ. (ನಮ್ಮ ಹಳೇ ಸಿನಿಮಾ ಹಾಡುಗಳ ಹವಾಯಿಯನ್ ಗಿಟಾರಿನ ಸಂಬಂಧಿಯೇ ಅದು.) ತಮಾಷೆ ಅಂದ್ರೆ, 1985ರಲ್ಲಿ ಬಿಟ್ಟಾಗ ಈ ಹಾಡು ಅಮೆರಿಕದ ಜನಪ್ರಿಯ ಕಂಟ್ರಿ ಹಾಡುಗಳ ಪಟ್ಟಿಯಲ್ಲಿ 67ನೇ ಸ್ಥಾನಕ್ಕೇ ನಿಂತಿತ್ತು, ಮರುವರ್ಷ ಅದನ್ನೇ ಮತ್ತೆ ಬಿಟ್ಟರು, ಒಂದನೇ ಸ್ಥಾನಕ್ಕೇರಿತು. ಕೇಳುಗರಿಗೆ ಬೇಕಿತ್ತು, ಕಂಪನಿಗಳಿಗೆ ಗೊತ್ತಿರಲಿಲ್ಲ ಅಷ್ಟೆ. ಅಮೆರಿಕದಲ್ಲೇ 30 ಲಕ್ಷ ಪ್ರತಿ ದಾಟಿದ ಆಲ್ಬಂ ಇದು.

ಹತ್ತೂ ಹಾಡು ಒಂದೇ ತೂಕದವಲ್ಲ, ಒಂದೆರಡು ನನಗೆ ಸಪ್ಪೆ ಅನಿಸಿವೆ. 'ಡಿಗ್ಗಿನ್ ಅಪ್ ಬೋನ್ಸ್' ಮಾತ್ರ ಬಿಡಬೇಡಿ. ಹಿಡಿಸಿದರೆ ಆಮೇಲೆ ಹಿಂದಿನ ತಲೆಮಾರಿನ ಕಂಟ್ರಿ ಗಾಯಕರಾದ ಜಾರ್ಜ್ ಜೋನ್ಸ್, ಮರ್ಲ್ ಹ್ಯಾಗರ್ಡ್ ಕೇಳಿ, ಇವನ ಹಾಡುಗಾರಿಕೆಯ ಬೇರು ಅಲ್ಲಿ ಸಿಗುತ್ತೆ.