ಎಫ್‌ಟಿ8 ಚೆನ್ನಾಗಿ ಹೋಗುವ ಲ್ಯಾಪ್‌ಟಾಪ್‌ನಲ್ಲಿ ಆರ್‌ಟಿಟಿವೈ ಯಾಕೆ ಕೆಡುತ್ತದೆ?

ನೀವು ಕೇಳಿದ್ದು ಇಷ್ಟು: ಹ್ಯಾಮ್ ರೇಡಿಯೋದಲ್ಲಿ ಕಂಪ್ಯೂಟರ್ ಮೂಲಕ ಚುಟುಕು ಸಂದೇಶ ಕಳಿಸುವ ಎಫ್‌ಟಿ8 ವಿಧಾನದಲ್ಲಿ ದೂರದ ಸ್ಟೇಷನ್‌ಗಳು ಆರಾಮಾಗಿ ಸಿಗುತ್ತವೆ. ಆದರೆ ನೀವೇ ಬರೆದ ಪ್ರೋಗ್ರಾಂ ಯುಎಸ್‌ಬಿ-ಸೀರಿಯಲ್ ಕೇಬಲ್‌ನ ಆರ್‌ಟಿಎಸ್ ಲೈನ್ (ಒಂದು ನಿಯಂತ್ರಣ ತಂತಿ) ಆಡಿಸಿ ಆರ್‌ಟಿಟಿವೈ (ಎರಡು ಟೋನ್‌ಗಳಲ್ಲಿ ಅಕ್ಷರ ಕಳಿಸುವ ಹಳೆಯ ರೇಡಿಯೋ ಟೆಲಿಟೈಪ್) ಕಳಿಸಿದರೆ ಆಚೆಯವರಿಗೆ ಅರ್ಧಕ್ಕರ್ಧ ಅಕ್ಷರ ಕಸವಾಗಿ ಬೀಳುತ್ತದೆ. ಇನ್ನೂ ವೇಗದ ಲ್ಯಾಪ್‌ಟಾಪ್ ಕೊಂಡರೆ ಸರಿಹೋಗುತ್ತದಾ?

ಹೋಗುವುದಿಲ್ಲ. ಆ ದುಡ್ಡನ್ನು ಆಂಟೆನಾಗೆ ಹಾಕಿ.

ಎಫ್‌ಟಿ8 ಹೆಸರಿಗೆ ಮಾತ್ರ ಸಮಯದಲ್ಲಿ ಕಟ್ಟುನಿಟ್ಟು. 15 ಸೆಕೆಂಡಿನ ಸರದಿಯಲ್ಲಿ ಸಿಗ್ನಲ್ ಇರುವುದು 12.64 ಸೆಕೆಂಡ್: ತಲಾ 0.16 ಸೆಕೆಂಡಿನ 79 ಸಂಕೇತಗಳು. ನಿಮ್ಮ ಗಡಿಯಾರ ಅರ್ಧ ಸೆಕೆಂಡ್ ಹಿಂದೆ ಮುಂದೆ ಇದ್ದರೂ ಡೀಕೋಡ್ ಆಗುತ್ತದೆ, ಎಫ್‌ಟಿ8 ಪ್ರೋಗ್ರಾಂನ ಡಿಟಿ ಕಾಲಂನಲ್ಲಿ ಆ ವ್ಯತ್ಯಾಸ ಕಾಣುತ್ತದೆ, ಅಷ್ಟೇ. ಸಂಕೇತಗಳ ನಡುವಿನ ತಾಳವನ್ನಂತೂ ನಿಮ್ಮ ಸಿಪಿಯು ಹಿಡಿಯುವುದೇ ಇಲ್ಲ, ಸೌಂಡ್ ಕಾರ್ಡ್ ಹಿಡಿಯುತ್ತದೆ.

ಆರ್‌ಟಿಟಿವೈ ವೇಗ 45.45 ಬಾಡ್, ಅಂದರೆ ಒಂದು ಬಿಟ್‌ಗೆ 22 ಮಿಲಿಸೆಕೆಂಡ್. ಕೇಳುವವನ ಡೀಕೋಡರ್, ಅಕ್ಷರದ ಆರಂಭ ತಿಳಿಸುವ ಸ್ಟಾರ್ಟ್ ಬಿಟ್ ಕಂಡ ಕ್ಷಣದಿಂದ ಎಣಿಸುತ್ತಾ ಒಂದೊಂದು ಬಿಟ್‌ನ ನಡುಮಧ್ಯದಲ್ಲಿ ಇಣುಕಿ ನೋಡುತ್ತದೆ. ನಿಮ್ಮ ಬಿಟ್‌ನ ಅಂಚು 11 ಮಿಲಿಸೆಕೆಂಡ್ ಜಾರಿದರೆ ಅದು ಪಕ್ಕದ ಬಿಟ್ ಓದುತ್ತದೆ. ಕೆಟ್ಟದ್ದು ಅಂಕಿ-ಅಕ್ಷರ ಬದಲಿಸುವ ಸಂಕೇತವೇ ಆಗಿದ್ದರೆ ಮುಂದಿನ ಪದವೆಲ್ಲ ಅಂಕಿಗಳ ರಾಶಿ. ವಿಂಡೋಸ್‌ನ ಮಾಮೂಲಿ ಟೈಮರ್ 15.6 ಮಿಲಿಸೆಕೆಂಡಿಗೊಮ್ಮೆ ಮಿಡಿಯುತ್ತದೆ. ಪ್ರೋಗ್ರಾಂಗೆ 22 ಮಿಲಿಸೆಕೆಂಡ್ ಮಲಗು ಅಂದರೆ ಏಳುವುದು 31ಕ್ಕೆ. ನಿಮ್ಮದರಲ್ಲಿ ಅರ್ಧವಾದರೂ ಸರಿ ಬರುತ್ತಿದೆ ಎಂದರೆ ಟೈಮರನ್ನು ಆಗಲೇ 1 ಮಿಲಿಸೆಕೆಂಡಿಗೆ ಇಳಿಸಿದ್ದೀರಿ ಎಂದು ಊಹಿಸುತ್ತೇನೆ. ಆದರೂ ಪ್ರೋಗ್ರಾಂ ಏಳಬೇಕಾದ ಹೊತ್ತಿಗೆ ವೈಫೈ ಡ್ರೈವರೋ ಗ್ರಾಫಿಕ್ಸ್ ಡ್ರೈವರೋ ಸಿಪಿಯು ಹಿಡಿದುಕೊಂಡಿದ್ದರೆ ಕಾಯಲೇಬೇಕು. ಅದರ ಮೇಲೆ ಯುಎಸ್‌ಬಿಯ ಸರದಿ ಬೇರೆ. ಮದರ್‌ಬೋರ್ಡ್‌ನಲ್ಲೇ ಸೀರಿಯಲ್ ಪೋರ್ಟ್ ಇದ್ದ ಹಳೆಯ ಡಾಸ್ ಡಬ್ಬಿಗಳು ಈ ಒಂದು ಕೆಲಸದಲ್ಲಿ ನಮ್ಮ ಇಂದಿನ ಯಂತ್ರಗಳಿಗಿಂತ ವಾಸಿ ಅನ್ನುವುದು ತಮಾಷೆಯಲ್ಲ.

ಸೌಂಡ್ ಕಾರ್ಡ್‌ಗೆ ತಾಳ ಹಿಡಿಯಲು ಅದರದೇ ಕ್ರಿಸ್ಟಲ್ ಇದೆ. ಸೆಕೆಂಡಿಗೆ 48000 ಸ್ಯಾಂಪಲ್ ಲೆಕ್ಕದಲ್ಲಿ ಒಂದು ಬಿಟ್ ಅಂದರೆ 1056 ಸ್ಯಾಂಪಲ್. ಕಾರ್ಪೊರೇಷನ್ ನೀರು ಯಾವಾಗ ಬಂದರೂ ಮೇಲಿನ ಟ್ಯಾಂಕ್ ಖಾಲಿಯಾಗದಿದ್ದರೆ ನಲ್ಲಿ ಒಂದೇ ಸಮ ಸುರಿಯುತ್ತದಲ್ಲ, ಸ್ಯಾಂಪಲ್‌ಗಳನ್ನು ಮೊದಲೇ ತುಂಬಿಡುವ ಬಫರ್ ಕೆಲಸವೂ ಅದೇ. 2048 ಸ್ಯಾಂಪಲ್‌ನ ಬಫರ್ ತುಂಬಿದ್ದರೆ ಪ್ರೋಗ್ರಾಂ 40 ಮಿಲಿಸೆಕೆಂಡ್ ತೂಕಡಿಸಿದರೂ ಗಾಳಿಯಲ್ಲಿ ಯಾರಿಗೂ ಗೊತ್ತಾಗುವುದಿಲ್ಲ.

ಹಾಗಾಗಿ ಆರ್‌ಟಿಎಸ್ ಬಿಟ್ಟುಬಿಡಿ. 2125 ಮತ್ತು 2295 ಹರ್ಟ್ಸ್ ಟೋನ್‌ಗಳನ್ನು ಸ್ಯಾಂಪಲ್ ಎಣಿಸಿ ತಯಾರಿಸಿ, ಎಎಫ್‌ಎಸ್‌ಕೆ ಆಗಿ, ಅಂದರೆ ಆ ಟೋನ್‌ಗಳನ್ನೇ ಧ್ವನಿಯಂತೆ ರೇಡಿಯೋದ ಎಸ್‌ಎಸ್‌ಬಿ (ಮಾತಾಡಲು ಬಳಸುವ ವಿಧಾನ) ಮೂಲಕ ಕಳಿಸಿ. ಟೋನ್ ಬದಲಾಗುವಾಗ ಫೇಸ್ ಮುರಿಯದಿರಲಿ (ಅಲೆ ನಿಂತಲ್ಲಿಂದಲೇ ಮುಂದುವರಿಯಲಿ), ಧ್ವನಿ ಮಟ್ಟ ಮೀರಿದ್ದನ್ನು ತೋರಿಸುವ ಎಎಲ್‌ಸಿ ಮೀಟರ್ ಅಲ್ಲಾಡದಷ್ಟು ಲೆವೆಲ್ ಇಳಿಸಿ. ಪಿಟಿಟಿ (ರೇಡಿಯೋವನ್ನು ಕಳಿಸುವ ಸ್ಥಿತಿಗೆ ತರುವ ಸ್ವಿಚ್) ಬಿಡುವುದು ಮಾತ್ರ ಬಫರ್ ಪೂರ್ತಿ ಖಾಲಿಯಾದ ಮೇಲೆ. ಪ್ರೋಗ್ರಾಂ ಬರೆದು ಮುಗಿಸಿದ ತಕ್ಷಣ ಬಿಟ್ಟರೆ ಕೊನೆಯ ಅಕ್ಷರ ರಿಗ್‌ಗೆ (ರೇಡಿಯೋಗೆ) ತಲುಪುವುದೇ ಇಲ್ಲ. ಹೊಸಬರ ಪ್ರೋಗ್ರಾಂಗಳಲ್ಲಿ ಇದು ಬಹಳ ಸಾಮಾನ್ಯ.

ಸೌಂಡ್ ಕಾರ್ಡ್ ಕ್ರಿಸ್ಟಲ್ ಕೂಡ ದೇವರಲ್ಲ. ಹತ್ತು ಲಕ್ಷಕ್ಕೆ 100 ಪಾಲು ತಪ್ಪಿದ್ದರೆ ಆರ್‌ಟಿಟಿವೈಗೆ ಏನೂ ಆಗದು. ಆದರೆ 114 ಸೆಕೆಂಡ್ ಹಿಡಿಯುವ ಮಾರ್ಟಿನ್ 1 ಎಂಬ ಎಸ್‌ಎಸ್‌ಟಿವಿ (ರೇಡಿಯೋದಲ್ಲಿ ಗೆರೆ ಗೆರೆಯಾಗಿ ಚಿತ್ರ ಕಳಿಸುವ) ವಿಧಾನದ ಚಿತ್ರದಲ್ಲಿ ಅದೇ ತಪ್ಪು ಕೂಡುತ್ತಾ ಹೋಗಿ, ಕೊನೆಯ ಗೆರೆ ಹೊತ್ತಿಗೆ 11 ಮಿಲಿಸೆಕೆಂಡ್, ಅಂದರೆ ಸುಮಾರು 25 ಪಿಕ್ಸೆಲ್ ಪಕ್ಕಕ್ಕೆ ಸರಿದು ಚಿತ್ರ ವಾಲುತ್ತದೆ.

ಈ ಬಫರ್ ಉಪಾಯ ಎಲ್ಲ ಕಡೆ ನಡೆಯದು. ಕಳಿಸಿದ ಪ್ರತಿ ತುಣುಕಿಗೂ ಆಚೆಯವರ ಉತ್ತರ ಕಾಯುವ ಆಮ್‌ಟಾರ್ ವಿಧಾನದಲ್ಲಿ 450 ಮಿಲಿಸೆಕೆಂಡಿನ ಸುತ್ತಿನಲ್ಲಿ 210 ಕಳಿಸಲು, ಉಳಿದದ್ದರಲ್ಲೇ ಆಚೆಯವರ ಉತ್ತರ ಬರಬೇಕು. ಅಲ್ಲಿ ದೊಡ್ಡ ಬಫರ್ ಇಟ್ಟರೆ ಸಂಪರ್ಕವೇ ನಿಲ್ಲುವುದಿಲ್ಲ. ಇಂಥವಕ್ಕೆ ಪ್ರತ್ಯೇಕ ಮೋಡೆಮ್ ಡಬ್ಬಿ ಬಳಸುತ್ತಿದ್ದುದು ಇದಕ್ಕೇ.

ತಂತಿ ಆಡಿಸಿ ರಿಗ್‌ನಲ್ಲೇ ಆವರ್ತನ ಬದಲಿಸುವ ಎಫ್‌ಎಸ್‌ಕೆ ಕೀಯಿಂಗೇ ಬೇಕು ಎಂಬ ಹಟವಿದ್ದರೆ ಒಂದು ಆರ್ಡುಯಿನೋ (ಚಿಕ್ಕ ಮೈಕ್ರೋಕಂಟ್ರೋಲರ್ ಬೋರ್ಡ್) ತಂದು, ಲ್ಯಾಪ್‌ಟಾಪ್‌ನಿಂದ ಅದಕ್ಕೆ ಬರೀ ಅಕ್ಷರ ಕಳಿಸಿ, 22 ಮಿಲಿಸೆಕೆಂಡ್ ಎಣಿಸುವ ಕೆಲಸ ಅದರ ಟೈಮರ್‌ಗೆ ಬಿಡಿ. ಮೋರ್ಸ್‌ಗೂ ಅದೇ ಡಬ್ಬಿ ಸಾಕು.