ಕಡ್ಡಿ ಕುಣಿಕೆ: ಓದುಗರ ಹೆಣಿಗೆ ಪ್ರಶ್ನೆಗಳು

ಪ್ರಶ್ನೆ: ನಾನು, ನನ್ನ ಗೆಳತಿ ಜೊತೆಯಲ್ಲೇ ಹೆಣಿಗೆ ಕಲಿತೆವು. ಎರಡು ವರ್ಷವಾದರೂ ಮಫ್ಲರ್ ದಾಟಿರಲಿಲ್ಲ. ಅದಕ್ಕೇ ಈ ವರ್ಷ ತಿಂಗಳಿಗೊಂದು ಹೊಸ ವಿದ್ಯೆ ಎಂದು ಮಾತಾಡಿಕೊಂಡೆವು. ಮೊದಲ ತಿಂಗಳು ಟೋಪಿ, ಎರಡನೆಯ ತಿಂಗಳು ಜಡೆ ವಿನ್ಯಾಸದ ಸ್ವೆಟರ್. ಮೂರನೆಯ ತಿಂಗಳು ಮುಗಿಯುತ್ತಾ ಬಂತು. ಅವಳು ತೋಳು ಹೆಣೆಯುತ್ತಿದ್ದಾಳೆ, ನಾನಿನ್ನೂ ಬೆನ್ನಿನ ಅರ್ಧದಲ್ಲಿದ್ದೇನೆ. ಅವಳ ಫೋನ್ ಎತ್ತಲೂ ನಾಚಿಕೆ. ಇದನ್ನು ಇಲ್ಲಿಗೇ ಬಿಡಲೇ?

ಉತ್ತರ: ಮೊದಲು ಫೋನ್ ಎತ್ತಿ. ಆಮೇಲೆ ಆ ಸ್ವೆಟರಿನ ಕುಣಿಕೆಗಳನ್ನೆಲ್ಲ ಒಂದು ದಪ್ಪ ದಾರಕ್ಕೆ ಪೋಣಿಸಿ ಚೀಲದಲ್ಲಿಡಿ. ಅದು ಎಲ್ಲಿಗೂ ಓಡಿಹೋಗುವುದಿಲ್ಲ.

ನಿಮ್ಮಲ್ಲಿ ಸೋಮಾರಿತನವಿಲ್ಲ, ಲೆಕ್ಕ ತಪ್ಪಿದೆ, ಅಷ್ಟೆ. ತಿಂಗಳನ್ನು ವಿದ್ಯೆಗೆ ಕೊಡಬೇಕಿತ್ತು, ನೀವು ಉಡುಪಿಗೆ ಕೊಟ್ಟಿದ್ದೀರಿ. ನಾಲ್ಕು ಕುಣಿಕೆಯ ಜಡೆಯನ್ನು ಹತ್ತು ಸಲ ತಿರುಚುವಷ್ಟರಲ್ಲಿ ಕೈಗೆ ಅದು ಗೊತ್ತಾಗಿರುತ್ತದೆ. ಅಲ್ಲಿಂದ ಮುಂದಿನ ನೂರು ಸಲ ಬರೀ ದುಡಿಮೆ. ಜಡೆಗೆ ಒಂದು ಜೊತೆ ಕೈಗವಸು ಸಾಕು. ಲೇಸಿಗೆ ಅಂಗೈಯಗಲದ ಪಟ್ಟಿಯೂ ಸಾಕು.

ನನಗೂ ಇಂಥ ಗೆಳತಿಯೊಬ್ಬಳಿದ್ದಾಳೆ. ನಮ್ಮ ಮೊದಲ ತಿಂಗಳೂ ಟೋಪಿಯೇ. ಒಂದೇ ನೂಲು, ಒಂದೇ 4 ಮಿಲಿಮೀಟರ್ ಕಡ್ಡಿ, ಒಂದೇ ವಿವರಣೆ: 100 ಕುಣಿಕೆ ಹಾಕಿ, ಸುತ್ತಳತೆ 50 ಸೆಂಟಿಮೀಟರ್ ಬರುತ್ತದೆ. ಮಾದರಿ ತುಂಡು ಹೆಣೆದು ಅಳೆಯಿರಿ ಎಂದು ಅದರ ತಲೆಯಲ್ಲೇ ಬರೆದಿತ್ತು. ಆ ಸಾಲನ್ನು ಇಬ್ಬರೂ ಓದಿದೆವು, ಇಬ್ಬರೂ ಹಾರಿಸಿದೆವು. ನನ್ನ ಟೋಪಿ ಹುಬ್ಬು ದಾಟಿ ಮೂಗಿನ ಮೇಲೆ ಬಂದು ನಿಂತಿತು. ಅವಳದ್ದು ನೆತ್ತಿಯ ಮೇಲೆ ಮುಚ್ಚಳದ ಹಾಗೆ ಕೂತಿತು. ಅಳೆದು ನೋಡಿದರೆ 10 ಸೆಂಟಿಮೀಟರಿಗೆ ನನ್ನ ಕೈಯಲ್ಲಿ 18 ಕುಣಿಕೆ, ಅವಳ ಕೈಯಲ್ಲಿ 22. ನೂರು ಕುಣಿಕೆಗೆ ನನಗೆ ಐವತ್ತೈದೂವರೆ ಸೆಂಟಿಮೀಟರ್, ಅವಳಿಗೆ ನಲವತ್ತೈದೂವರೆ. ನಮ್ಮಿಬ್ಬರ ಕೈಯ ನಡುವೆ ಹತ್ತು ಸೆಂಟಿಮೀಟರ್ ಅಂತರವಿದೆ ಎಂಬುದು ಅದುವರೆಗೆ ಇಬ್ಬರಿಗೂ ತಿಳಿದಿರಲಿಲ್ಲ. ಒಬ್ಬಳೇ ಹೆಣೆದಿದ್ದರೆ ನಾನು ನೂಲನ್ನು ಬೈದು ಸುಮ್ಮನಾಗುತ್ತಿದ್ದೆ. ಈಗ ನಾನು ಅರ್ಧ ಮಿಲಿಮೀಟರ್ ಸಣ್ಣ ಕಡ್ಡಿ ಹಿಡಿಯುತ್ತೇನೆ, ಅವಳು ಅರ್ಧ ಮಿಲಿಮೀಟರ್ ದಪ್ಪದ್ದು. ಆದರೂ ತುಂಡು ಹೆಣೆದು ಅಳೆದೇ ಮುಂದಿನ ಮಾತು.

ಕೈಗವಸಿನ ತಿಂಗಳು ಇನ್ನೂ ಚೆನ್ನಾಗಿತ್ತು. ಜಡೆ ಹಾಕುವಾಗ ಎರಡು ಕುಣಿಕೆಗಳನ್ನು ಸಣ್ಣ ಕಡ್ಡಿಗೆ ಏರಿಸಿ, ಮುಂದಿನ ಎರಡನ್ನು ಹೆಣೆದು, ಬಳಿಕ ಏರಿಸಿಟ್ಟವನ್ನು ಹೆಣೆಯುತ್ತೇವಲ್ಲ. ಆ ಸಣ್ಣ ಕಡ್ಡಿಯನ್ನು ಹೆಣಿಗೆಯ ಮುಂದೆ ಹಿಡಿದರೆ ಜಡೆ ಎಡಕ್ಕೆ ಹೊರಳುತ್ತದೆ, ಹಿಂದೆ ಹಿಡಿದರೆ ಬಲಕ್ಕೆ. ಅವಳು ಎರಡೂ ಕೈಗೆ ಮುಂದೆ ಹಿಡಿದಿದ್ದಳು, ನಾನು ಎರಡಕ್ಕೂ ಹಿಂದೆ. ಜಡೆಗಳು ಒಂದಕ್ಕೊಂದು ಎದುರುಬದುರಾಗಿರಬೇಕು ಎಂದು ಇಬ್ಬರಿಗೂ ಹೊಳೆದಿರಲಿಲ್ಲ. ಕೊನೆಗೆ ಒಂದೊಂದನ್ನು ಅದಲು ಬದಲು ಮಾಡಿಕೊಂಡೆವು. ಈಗ ಇಬ್ಬರಿಗೂ ಒಂದು ಕೈ ಬಿಗಿ, ಒಂದು ಕೈ ಸಡಿಲ. ಬಿಚ್ಚುವುದಿಲ್ಲ ಎಂದು ಹಟ ಹಿಡಿದವಳು ಅವಳೇ.

ನೀವಿಬ್ಬರೂ ಮಾಡಬೇಕಾದ್ದು ಇದು. ತಿಂಗಳಿಗೆ ಹೊಸತು ಒಂದೇ ಇರಲಿ. ಲೇಸಿನ ತಿಂಗಳಲ್ಲಿ ಕೂದಲೆಳೆಯಂಥ ಹೊಸ ನೂಲನ್ನೂ ತರಬೇಡಿ. ಎರಡು ಬಣ್ಣದ ತಿಂಗಳಲ್ಲಿ, ಈಗಾಗಲೇ ಹೆಣೆದು ಗೊತ್ತಿರುವ ಟೋಪಿಯನ್ನೇ ಇನ್ನೊಮ್ಮೆ ಹೆಣೆಯಿರಿ. ಕಾಲುಚೀಲವನ್ನು ವರ್ಷದ ಉತ್ತರಾರ್ಧಕ್ಕೆ ಇಟ್ಟುಕೊಳ್ಳಿ. ಹಿಮ್ಮಡಿ ತಿರುಗಿಸುವುದು ಒಂದು ತಿಂಗಳ ಪಾಠ, ಬೆರಳ ತುದಿಯ ಕುಣಿಕೆಗಳನ್ನು ಸೂಜಿಯಿಂದ ಗೆರೆ ಕಾಣದಂತೆ ಕೂಡಿಸುವುದು ಇನ್ನೊಂದು ತಿಂಗಳದ್ದು. ಒಂದು ಚೀಲಕ್ಕೆ ಎರಡು ತಿಂಗಳಾದರೆ ಆಗಲಿ.

ಯಾರು ಎಷ್ಟು ಹೆಣೆದರು ಎಂದು ಮಾತ್ರ ಕೇಳಿಕೊಳ್ಳಬೇಡಿ. ತುಂಡುಗಳನ್ನು ಬದಲಾಯಿಸಿಕೊಂಡು ಹಿಮ್ಮುಖ ನೋಡಿ. ಮುಂದಿನ ಮುಖ ಎಲ್ಲರದ್ದೂ ಚೆಂದವೇ; ಕೈಯ ಗುಣ ತಿಳಿಯುವುದು ಹಿಂದೆ.

ಪ್ರಶ್ನೆ: ಎರಡು ಬಣ್ಣದ ಹೆಣಿಗೆ ಶುರುಮಾಡಿದ್ದೇನೆ. ಬಟ್ಟೆ ಸುಕ್ಕುಗಟ್ಟುತ್ತದೆ. ನನ್ನ ಜೊತೆ ಹೆಣೆಯುವವಳದ್ದು ನೀಟಾಗಿದೆ, ಆದರೆ ಅವಳ ಹೂವು ಎದ್ದು ಕಾಣುತ್ತದೆ, ನನ್ನದು ಮಂಕು. ನೂಲು, ಬಣ್ಣ ಎಲ್ಲ ಒಂದೇ.

ಉತ್ತರ: ಸುಕ್ಕಿಗೆ ಕಾರಣ, ಹೆಣೆಯದೆ ಬಿಟ್ಟ ಬಣ್ಣದ ಎಳೆ ಹಿಂದೆ ಬಿಗಿಯಾಗಿ ಹಾಯುವುದು. ಬಣ್ಣ ಬದಲಿಸುವ ಮೊದಲು ಬಲಗೈ ಕಡ್ಡಿಯ ಮೇಲಿನ ಕುಣಿಕೆಗಳನ್ನು ಬೆರಳಿನಿಂದ ಹರಡಿ, ಆಮೇಲೆ ಹೊಸ ಎಳೆಯನ್ನು ತನ್ನಿ. ಎಳೆ ಐದಾರು ಕುಣಿಕೆಗಿಂತ ಉದ್ದ ಹಾಯುವಲ್ಲಿ ನಡುವೆ ಒಮ್ಮೆ ಸಿಕ್ಕಿಸಿ, ಇಲ್ಲದಿದ್ದರೆ ತೊಡುವಾಗ ಬೆರಳು ಸಿಕ್ಕಿಕೊಳ್ಳುತ್ತದೆ.

ಮಂಕಿನ ಗುಟ್ಟು ಬೇರೆ. ಹಿಂದುಗಡೆ ಕೆಳಗಿನಿಂದ ಬರುವ ಎಳೆಯ ಕುಣಿಕೆ ಕೂದಲೆಳೆಯಷ್ಟು ದೊಡ್ಡದಾಗಿ ಎದ್ದು ಕಾಣುತ್ತದೆ. ಅವಳು ಹೂವಿನ ಬಣ್ಣವನ್ನು ಕೆಳಗಿನಿಂದ ತರುತ್ತಿರಬೇಕು, ನೀವು ನೆಲದ ಬಣ್ಣವನ್ನು. ಯಾವುದನ್ನು ಆರಿಸಿದರೂ ಕೊನೆಯವರೆಗೆ ಅದನ್ನೇ ಇಟ್ಟುಕೊಳ್ಳಿ. ನಡುವೆ ಬದಲಿಸಿದರೆ ಪಟ್ಟೆ ಬಿದ್ದಂತೆ ಕಾಣುತ್ತದೆ. ಈ ವಿದ್ಯೆಗೆ ಹೆಸರುವಾಸಿಯಾದದ್ದು ಸ್ಕಾಟ್ಲೆಂಡಿನ ಶೆಟ್ಲೆಂಡ್ ದ್ವೀಪಗಳಲ್ಲಿ ಒಂದಾದ ಫೇರ್ ಐಲ್. ಅಲ್ಲಿನ ಸ್ವೆಟರಿನಲ್ಲಿ ಎಷ್ಟೇ ಬಣ್ಣ ಕಂಡರೂ ರೂಢಿಯಂತೆ ಒಂದು ಸಾಲಿನಲ್ಲಿ ಇರುವುದು ಎರಡೇ. ಮೂರನೆಯ ಉಂಡೆಯನ್ನು ನೀವು ಈಗಲೇ ಕೈಗೆತ್ತಿಕೊಳ್ಳಬೇಕಾಗಿಲ್ಲ.

ಪ್ರಶ್ನೆ: ಎಂಟು ಸಾಲಿನ ಕೆಳಗೆ ಸೀದಾ ಹೆಣೆಯಬೇಕಾದಲ್ಲಿ ಉಲ್ಟಾ ಹೆಣೆದಿದ್ದೇನೆ. ಒಂದೇ ಒಂದು ಕುಣಿಕೆ. ಎಲ್ಲವನ್ನೂ ಬಿಚ್ಚು ಎನ್ನುತ್ತಾಳೆ ಗೆಳತಿ.

ಉತ್ತರ: ಅವಳಿಗೆ ಬಿಚ್ಚುವುದರಲ್ಲಿ ಸುಖವಿದ್ದರೆ ಅವಳದ್ದನ್ನು ಬಿಚ್ಚಲಿ. ನೀವು ಆ ಕುಣಿಕೆಯ ನೇರಕ್ಕೆ ಬಂದು, ಅದೊಂದನ್ನೇ ಕಡ್ಡಿಯಿಂದ ಬಿಟ್ಟು ತಪ್ಪಿನವರೆಗೆ ಇಳಿಸಿ. ಏಣಿಯ ಮೆಟ್ಟಿಲಿನಂತೆ ಎಂಟು ಅಡ್ಡ ಎಳೆಗಳು ಕಾಣುತ್ತವೆ. ತುದಿಯಲ್ಲಿ ಕೊಕ್ಕೆಯಿರುವ ಕ್ರೋಶಾ ಕಡ್ಡಿಯನ್ನು ಮುಂದಿನಿಂದ ಹಾಕಿ ಕೆಳಗಿನ ಎಳೆಯಿಂದ ಒಂದೊಂದಾಗಿ ಕುಣಿಕೆಯೊಳಗೆ ಎಳೆದುಕೊಳ್ಳುತ್ತಾ ಮೇಲೆ ಬನ್ನಿ. ಎರಡು ನಿಮಿಷದ ಕೆಲಸ. ಸಾದಾ ಹೆಣಿಗೆಗೆ ಮಾತ್ರ ಈ ಮಾತು. ಲೇಸಿನಲ್ಲಿ ಒಂದು ಕುಣಿಕೆ ಇಳಿಸಿದರೆ ಅಕ್ಕಪಕ್ಕದವೂ ಕೈಹಿಡಿದುಕೊಂಡು ಇಳಿಯುತ್ತವೆ. ಅಲ್ಲಿ ಹತ್ತು ಸಾಲಿಗೊಮ್ಮೆ ಬೇರೆ ಬಣ್ಣದ ನುಣುಪಾದ ಹತ್ತಿ ದಾರವನ್ನು ಎಲ್ಲ ಕುಣಿಕೆಗಳಲ್ಲೂ ಹಾಯಿಸಿಟ್ಟಿರಿ. ಬಿಚ್ಚುವುದು ಆ ದಾರಕ್ಕೆ ಬಂದು ನಿಲ್ಲುತ್ತದೆ. ದಾರ ಹಾಕದೆ ಹೆಣೆದಿದ್ದೀರಾದರೆ, ಗೆಳತಿ ಹೇಳಿದಂತೆ ಮಾಡಿ.